ನೈದಿಲೆಗೊಳದ ಚಿತ್ರಕಾರ ಕ್ಲೋದ್ ಮೊನೆ

1840ರ ನವೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ಜನಿಸಿದ ಕ್ಲೋದ್ ಮೊನೆ ಬೆಳೆದದ್ದು ಲ ಆವ್ರ್ ಎಂಬ ಬಂದರಿನಲ್ಲಿ. ಬಯಲಿನ ಬೆಳಕಿನಲ್ಲಿ ನಿಂತು ಚಿತ್ರಿಸುವ ಪಾಠವನ್ನು ಹಿರಿಯ ಕಲಾವಿದ ಬೂದೆನಿಂದ ಅಲ್ಲಿಯೇ ಪಡೆದನು. 1874ರ ಪ್ರದರ್ಶನದಲ್ಲಿದ್ದ ಅವನ ಸೂರ್ಯೋದಯದ ಚಿತ್ರವನ್ನು ಹಿಡಿದು ವಿಮರ್ಶಕನೊಬ್ಬನು ಮಾಡಿದ ಗೇಲಿಯಿಂದಲೇ ಇಂಪ್ರೆಷನಿಸಂ ಎಂಬ ಪಂಥನಾಮ ಬಳಕೆಗೆ ಬಂದಿತು. ಇದು ಸುಪರಿಚಿತ ಸಂಗತಿ. ಪ್ರಸ್ತುತಕ್ಕೆ ಮುಖ್ಯವಾದುದು ಅವನ ಬಾಳಿನ ಉತ್ತರಾರ್ಧ.

ಬಡತನವನ್ನೂ 1879ರಲ್ಲಿ ಪತ್ನಿ ಕಮೀಯ ಮರಣವನ್ನೂ ಕಂಡ ಮೊನೆ 1883ರಲ್ಲಿ ಝಿವೆರ್ನಿ ಗ್ರಾಮದಲ್ಲಿ ಬಾಡಿಗೆಮನೆ ಹಿಡಿದನು. 1890ರಲ್ಲಿ ಅದನ್ನೇ ಕೊಂಡನು. 1893ರಲ್ಲಿ ರೈಲುಹಾದಿಯ ಆಚೆಗಿನ ನೆಲವನ್ನು ಖರೀದಿಸಿ, ಎಪ್ತ್ ಹೊಳೆಯ ಕವಲಿನಿಂದ ನೀರು ತಿರುಗಿಸಿ ಕೊಳ ಮಾಡಿಸಹೊರಟಾಗ, ಪರದೇಶದ ಗಿಡಗಳು ನೀರನ್ನು ಕೆಡಿಸುವುವೆಂದು ನೆರೆಹೊರೆಯವರು ಆಕ್ಷೇಪಿಸಿದರು. ಕಡೆಗೆ ಅನುಮತಿ ದೊರೆಯಿತು. ನೈದಿಲೆ ನೆಟ್ಟು, ಜಪಾನೀ ಮಾದರಿಯ ಕಾಲುಸೇತುವೆ ಕಟ್ಟಿಸಿ, ಕೊಳದ ಆರೈಕೆಗೆಂದೇ ತೋಟಗಾರನೊಬ್ಬನನ್ನು ಇರಿಸಿದನು. ಅಂದರೆ, ಸಹಜ ನಿಸರ್ಗವೆಂದು ನಾವು ಭಾವಿಸುವ ಈ ದೃಶ್ಯವು ಮೊದಲು ನೆಲದ ಮೇಲೆ ರಚಿತವಾಗಿ ಅನಂತರ ಬಟ್ಟೆಯ ಮೇಲೆ ಬಂದದ್ದು.

ಆರಂಭದ ಚಿತ್ರಗಳಲ್ಲಿ ಸೇತುವೆಯಿದೆ, ದಡವಿದೆ. ಬರಬರುತ್ತ ಎರಡೂ ಮರೆಯಾಗಿ ನೀರೊಂದೇ ಉಳಿಯುತ್ತದೆ: ಮೇಲೆ ತೇಲುವ ಎಲೆಗಳು, ಕೆಳಗೆ ತಲೆಕೆಳಗಾದ ಮರಗಳು ಹಾಗೂ ಮೋಡಗಳು. ಆಕಾಶವನ್ನು ನೋಡಲು ಕಣ್ಣನ್ನು ಕೆಳಗಿಳಿಸಬೇಕು. ನಮ್ಮ ಮಹಾಕಾವ್ಯಗಳ ಉದ್ಯಾನವರ್ಣನೆಗೆ ನಾಯಕನಾಯಿಕೆಯರ ವಿಹಾರವೇ ನೆಪ. ಇಲ್ಲಿಯೋ ಮನುಷ್ಯರ ಸುಳಿವಿಲ್ಲ. ಆದರೂ ಈ ಚಿತ್ರಗಳನ್ನು ಬರಿಯ ನೆಮ್ಮದಿಯ ಚಿತ್ರಗಳೆಂದು ಕರೆಯಲು ನಾನು ಹಿಂಜರಿಯುತ್ತೇನೆ. ಶಾಂತರಸಕ್ಕೆ ಸ್ಥಾಯಿ ಶಮವೋ ನಿರ್ವೇದವೋ ಎಂದು ನಮ್ಮ ಆಲಂಕಾರಿಕರು ಚರ್ಚಿಸಿದ್ದಾರೆ. ಮೊನೆಯ ಜೀವನವನ್ನು ಬಲ್ಲವರಿಗೆ ಎರಡನೆಯ ಪಕ್ಷವೇ ಸಮೀಪವೆನಿಸೀತು. 1911ರಲ್ಲಿ ಎರಡನೆಯ ಪತ್ನಿ ಆಲೀಸ್, 1914ರಲ್ಲಿ ಹಿರಿಯ ಮಗ ಝಾನ್ ತೀರಿಕೊಂಡರು. 1912ರಲ್ಲಿಯೇ ಕಣ್ಣಿನ ಪೊರೆ ಪತ್ತೆಯಾಗಿತ್ತು. ಮಹಾಯುದ್ಧ ಆರಂಭವಾದಾಗ ಆತ ಝಿವೆರ್ನಿಯನ್ನು ಬಿಡಲೊಪ್ಪದೆ, ಬೃಹತ್ ಫಲಕಗಳಿಗಾಗಿ ಹೊಸ ಚಿತ್ರಶಾಲೆ ಕಟ್ಟಿಸಿ ಕೊಳವನ್ನೇ ಚಿತ್ರಿಸುತ್ತ ಕುಳಿತನು.

1918ರಲ್ಲಿ ಕದನವಿರಾಮವಾದ ಮರುದಿನ, ಗೆಳೆಯನೂ ಪ್ರಧಾನಿಯೂ ಆಗಿದ್ದ ಕ್ಲೆಮಾನ್ಸೋಗೆ ಪತ್ರ ಬರೆದು ಎರಡು ಫಲಕಗಳನ್ನು ದೇಶಕ್ಕೆ ನೀಡುವುದಾಗಿ ತಿಳಿಸಿದನು. ಆ ಕೊಡುಗೆ ಹಿಗ್ಗುತ್ತ ಹೋಯಿತು. 1923ರಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಬಣ್ಣಗಳು ಕಣ್ಣಿಗೆ ಬೇರೆಯೇ ಆಗಿ ತೋರಿದವು. ತಿದ್ದುವುದು ಮುಗಿಯಲಿಲ್ಲ, ಒಪ್ಪಿಸಲು ಮನಸ್ಸೂ ಬರಲಿಲ್ಲ. 1926ರ ಡಿಸೆಂಬರ್ 5ರಂದು ಆತ ನಿಧನನಾದ ಮೇಲೆಯೇ ಫಲಕಗಳು ಪ್ಯಾರಿಸ್ಸಿಗೆ ಸಾಗಿದವು. 1927ರ ಮೇ ತಿಂಗಳಲ್ಲಿ ಒರಾಂಝರಿಯ ಎರಡು ಅಂಡಾಕಾರದ ಕೋಣೆಗಳು ತೆರೆದವು: ಎಂಟು ರಚನೆಗಳು, ಎರಡು ಮೀಟರ್ ಎತ್ತರ, ಒಟ್ಟು ಸುಮಾರು 91 ಮೀಟರ್ ಉದ್ದ. ಅಲ್ಲಿ ಹಗಲಿನ ಬೆಳಕು ಛಾವಣಿಯಿಂದ ಇಳಿಯುತ್ತದೆ; ಹೊರಗೆ ಮೋಡ ಕವಿದರೆ ಗೋಡೆಯ ಮೇಲಿನ ನೀರೂ ಮಂಕಾಗುತ್ತದೆ.