ಇಂಟರ್ನೆಟ್ಟಿಗೆ ಮೇನ್ ಸ್ವಿಚ್ ಇದೆಯೇ? ಲೆಕ್ಕದ ಪುಸ್ತಕ ಹಿಡಿದಿದ್ದ ಜಾನ್ ಪೋಸ್ಟೆಲ್ ಕಥೆ

2018ರ ಅಕ್ಟೋಬರ್‌ನಲ್ಲಿ ಒಂದು ಫಾರ್ವರ್ಡ್ ಊರೆಲ್ಲ ಸುತ್ತಿತ್ತು, ನೆನಪಿದೆಯಾ? ಮುಂದಿನ 48 ಗಂಟೆ ಜಗತ್ತಿನಾದ್ಯಂತ ಇಂಟರ್ನೆಟ್ ಬಂದ್ ಆಗುತ್ತದೆ ಎಂಬ ಸುದ್ದಿ ಅದು. ನಿಜಕ್ಕೂ ನಡೆದದ್ದು ಇಷ್ಟೇ: ಅಕ್ಟೋಬರ್ 11ರಂದು ಐಕಾನ್ ಎಂಬ ಸಂಸ್ಥೆ ವೆಬ್ ವಿಳಾಸಗಳ ಮೂಲಪಟ್ಟಿಯನ್ನು ಕಾಯುವ ಡಿಜಿಟಲ್ ಕೀಲಿಯನ್ನು ಬದಲಿಸಿತು. ನಮ್ಮಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ. ವಾಟ್ಸಾಪ್ ಎಂದಿನಂತೆ ನಡೆಯಿತು, ಆ ಫಾರ್ವರ್ಡ್ ಕೂಡ ಅದರಲ್ಲೇ ಓಡಾಡುತ್ತಿತ್ತು.

ಇಂಥ ಸಂದೇಶಗಳ ಹಿಂದೆ ಒಂದು ನಂಬಿಕೆ ಇದೆ. ಎಲ್ಲೋ ಒಂದು ಕಡೆ, ಯಾರದೋ ಕೈಯಲ್ಲಿ ಇಂಟರ್ನೆಟ್ಟಿನ ಮೇನ್ ಸ್ವಿಚ್ ಇದೆ ಅಂತ. ಅಂಥ ಸ್ವಿಚ್ ಇಲ್ಲ. ಆದರೆ ಒಂದು ಲೆಕ್ಕದ ಪುಸ್ತಕ ಇತ್ತು, ಬಹಳ ವರ್ಷ ಅದು ಒಬ್ಬರ ಕೈಯಲ್ಲೇ ಇತ್ತು. ಅವರ ಹೆಸರು ಜಾನ್ ಪೋಸ್ಟೆಲ್.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಓದಿದ ಹೈಸ್ಕೂಲು ವ್ಯಾನ್ ನೈಸ್. ಇಂಟರ್ನೆಟ್ಟಿನ ಪಿತಾಮಹರಲ್ಲಿ ಒಬ್ಬರೆಂದು ಹೆಸರಾದ ವಿಂಟ್ ಸರ್ಫ್ ಓದಿದ್ದೂ ಅಲ್ಲೇ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಲ್ಯಾಬಿನಿಂದ ಅರ್ಪಾನೆಟ್‌ನ ಮೊದಲ ಸಂದೇಶ ಹೊರಟಾಗ ಪೋಸ್ಟೆಲ್ ಆ ಲ್ಯಾಬಿನ ವಿದ್ಯಾರ್ಥಿ.

ಹೊಸ ಜಾಲದಲ್ಲಿ ಒಂದು ಸಣ್ಣ ಕೆಲಸ ಯಾರಾದರೂ ಮಾಡಲೇಬೇಕಿತ್ತು. ಪ್ರತಿ ಯಂತ್ರಕ್ಕೂ, ಪ್ರತಿ ಸೇವೆಗೂ ಒಂದೊಂದು ಸಂಖ್ಯೆ ಬೇಕು, ಒಂದೇ ಸಂಖ್ಯೆ ಇಬ್ಬರಿಗೆ ಹೋಗಬಾರದು. ಬರೆದಿಡುವವರು ಯಾರು? ಪೋಸ್ಟೆಲ್ ನಾನು ಬರೆದಿಡುತ್ತೇನೆ ಅಂದರು. ಜೊತೆಗೆ ಆರ್‌ಎಫ್‌ಸಿ ಎಂಬ ದಾಖಲೆಗಳ ಸರಣಿಯ ಸಂಪಾದಕರೂ ಆದರು. ಇಂಟರ್ನೆಟ್ ಹೇಗೆ ನಡೆಯಬೇಕು ಎಂಬುದೆಲ್ಲ ಇರುವುದು ಈ ದಾಖಲೆಗಳಲ್ಲಿ. ಅಭಿಪ್ರಾಯ ತಿಳಿಸಿ ಎಂಬ ಕೋರಿಕೆಯೇ ಆ ಹೆಸರಿನ ಅರ್ಥ. ಹಿಂದೆ ಕಾನೂನಿಲ್ಲ, ಪೊಲೀಸರಿಲ್ಲ, ಆದರೂ ಜಗತ್ತು ಪಾಲಿಸುತ್ತದೆ. ಉದ್ದ ಗಡ್ಡ, ಕಾಲಿಗೆ ಸ್ಯಾಂಡಲ್, ಬಿಡುವು ಸಿಕ್ಕರೆ ಬೆಟ್ಟ ಹತ್ತುವ ಹವ್ಯಾಸ. ದೊಡ್ಡ ಅಧಿಕಾರಿಯ ಯಾವ ಲಕ್ಷಣವೂ ಅವರಲ್ಲಿರಲಿಲ್ಲ.

1981ರ ಸೆಪ್ಟೆಂಬರ್‌ನಲ್ಲಿ ಐಪಿ ವಿಳಾಸದ ನಿಯಮಗಳ ದಾಖಲೆ ಅವರ ಸಂಪಾದಕತ್ವದಲ್ಲೇ ಹೊರಬಂತು. ಮುಂದಿನ ವರ್ಷ ಇಮೇಲ್ ಕಳಿಸುವ ನಿಯಮವನ್ನು ಬರೆದವರೂ ಅವರೇ. ಭಾರತದ ಡಾಟ್ ಇನ್ 1989ರ ಮೇ 8ರಂದು ಮೂಲಪಟ್ಟಿಗೆ ಸೇರಿದ್ದು ಅವರು ಪಟ್ಟಿ ನೋಡಿಕೊಳ್ಳುತ್ತಿದ್ದ ಕಾಲದಲ್ಲೇ. ಯಾವುದು ದೇಶ, ಯಾವುದು ಅಲ್ಲ ಎಂಬ ಜಗಳಕ್ಕೆ ಮಾತ್ರ ಅವರು ಕೈಹಾಕಲಿಲ್ಲ. ಅದಕ್ಕೆಂದೇ ಇದ್ದ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಜಾಣತನದ ನಿರ್ಧಾರ ಅದು.

ಅವರ ಇನ್ನೊಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ವೈಫೈ ಸೆಟ್ಟಿಂಗ್ಸ್‌ನ ವಿವರಗಳಲ್ಲಿ ಹುಡುಕಿದರೆ ಹಲವು ಫೋನುಗಳಲ್ಲಿ ಸಬ್‌ನೆಟ್ ಮಾಸ್ಕ್ ಎಂದು ಕಾಣುತ್ತದೆ, ಪಕ್ಕದಲ್ಲಿ ಸಾಮಾನ್ಯವಾಗಿ 255.255.255.0 ಎಂದಿರುತ್ತದೆ. ಮಾಸ್ಕ್ ಅಂದ ತಕ್ಷಣ ನಿಮ್ಮ ಗುರುತು ಮುಚ್ಚುವ ಮುಖವಾಡ ಅಂದುಕೊಳ್ಳಬೇಡಿ, ಅದು ಏನನ್ನೂ ಬಚ್ಚಿಡುವುದಿಲ್ಲ. ವಿಳಾಸದಲ್ಲಿ ಎಷ್ಟು ಭಾಗ ಊರು, ಎಷ್ಟು ಭಾಗ ಮನೆ ಎಂದು ತೋರಿಸುವ ಗೆರೆ ಅದು. 1985ರ ಆಗಸ್ಟ್‌ನಲ್ಲಿ ಜೆಫ್ರಿ ಮೊಗಲ್ ಮತ್ತು ಪೋಸ್ಟೆಲ್ ಸೇರಿ ಬರೆದ 950ನೇ ಆರ್‌ಎಫ್‌ಸಿ ಇದನ್ನು ನಿಯಮವಾಗಿಸಿತು.

ಪಿನ್ ಕೋಡ್ ನೋಡಿ. 560 ಅಂದರೆ ಬೆಂಗಳೂರು. 560013 ಜಾಲಹಳ್ಳಿ, 560014 ಜಾಲಹಳ್ಳಿ ಪೂರ್ವ, 560015 ಜಾಲಹಳ್ಳಿ ಪಶ್ಚಿಮ, 560100 ಎಲೆಕ್ಟ್ರಾನಿಕ್ ಸಿಟಿ. ಮೊದಲ ಮೂರು ಅಂಕಿ ಮಾತ್ರ ಓದುವವರಿಗೆ ಇವೆಲ್ಲ ಒಂದೇ ಚೀಲದ ಕಾಗದ. ಎಷ್ಟು ಅಂಕಿ ಓದಬೇಕು ಎಂದು ಹೇಳುವುದೇ ಮಾಸ್ಕಿನ ಕೆಲಸ. ಪಿನ್ ಕೋಡಿನ ಉದ್ದ ಎಲ್ಲ ಕಡೆ ಒಂದೇ, ಐಪಿ ವಿಳಾಸದಲ್ಲಿ ಈ ಗೆರೆ ಒಂದೊಂದು ಕಡೆ ಒಂದೊಂದು ಜಾಗದಲ್ಲಿ ಇರಬಹುದು. ತೊಂದರೆ ಶುರುವಾಗುವುದೇ ಅಲ್ಲಿ.

ಒಂದು ಕಂಪನಿ ಇದೆ ಅಂದುಕೊಳ್ಳಿ. ಹೆಸರಲ್ಲೇ ಜಾಲ ಇರುವ ಜಾಲಹಳ್ಳಿಯಲ್ಲಿ ಅದರ ಹಳೆಯ ಕಾರ್ಖಾನೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸ ಆಫೀಸು. ಎರಡೂ ಕಡೆ ವಿಳಾಸ 172.16 ಎಂದೇ ಶುರು. ದಾರಿ ಹೇಳುವ ಪೆಟ್ಟಿಗೆಗೆ ರೂಟರ್ ಎನ್ನುತ್ತೇವೆ. ಕಾರ್ಖಾನೆಯ ರೂಟರ್‌ಗಳು ತಮ್ಮತಮ್ಮಲ್ಲಿ ಆಡುವ ಭಾಷೆ ರಿಪ್, 1988ರಲ್ಲಿ ಆರ್‌ಎಫ್‌ಸಿಯಾಗಿ ಬಂದ ಮೊದಲ ಆವೃತ್ತಿ. ಅಲ್ಲಿ ಮಾಸ್ಕ್ 255.255.255.0, ಒಂದು ತುಂಡಿಗೆ 254 ಯಂತ್ರ. ಆಫೀಸಿನ ಭಾಷೆ ಓಎಸ್‌ಪಿಎಫ್, ಮಾಸ್ಕ್ 255.255.255.240, ಒಂದು ತುಂಡಿಗೆ 14 ಯಂತ್ರ. ನಡುವಿನ ಒಂದು ರೂಟರ್‌ಗೆ ಎರಡೂ ಭಾಷೆ ಬರುತ್ತದೆ. ಅಲ್ಲಿಯ ದಾರಿಗಳನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಹೇಳು ಎಂದು ಅದಕ್ಕೆ ಒಪ್ಪಿಸುತ್ತಾರೆ. ರೀಡಿಸ್ಟ್ರಿಬ್ಯೂಶನ್ ಅಂದರೆ ಇದೇ.

ಆದರೆ ಹಳೆಯ ರಿಪ್ ಸಂದೇಶದಲ್ಲಿ ಮಾಸ್ಕ್ ಬರೆಯಲು ಜಾಗವೇ ಇಲ್ಲ. ಕೇಳುವ ರೂಟರ್ ತನ್ನ ಮಾಸ್ಕೇ ಅವರದ್ದೂ ಎಂದು ಊಹಿಸಿಕೊಳ್ಳುತ್ತದೆ. ಊಹೆ ತಪ್ಪಾಗುತ್ತದೆಂದು ಗೊತ್ತಿರುವ ನಡುವಿನ ರೂಟರ್, ಅಳತೆ ಹೊಂದದ ದಾರಿಗಳನ್ನು ಹೇಳದೆ ನುಂಗಿಬಿಡುತ್ತದೆ. ಪರಿಣಾಮ? ಆಫೀಸಿನಿಂದ ಹೊರಟ ಮಾಹಿತಿ ಕಾರ್ಖಾನೆ ಮುಟ್ಟುತ್ತದೆ, ಉತ್ತರ ವಾಪಸ್ ಬರುವುದಿಲ್ಲ. ಜಾಲಹಳ್ಳಿಗೆ ಆ ಸಣ್ಣ ತುಂಡುಗಳ ದಾರಿಯೇ ತಿಳಿದಿಲ್ಲ. ಕೇಬಲ್ ಸರಿ, ದೀಪಗಳೆಲ್ಲ ಹಸಿರು, ಕೆಲಸ ಮಾತ್ರ ಇಲ್ಲ. ಇನ್ನೊಂದು ದಿಕ್ಕಿನಲ್ಲೂ ಒಂದು ಗುಂಡಿ ಇದೆ. ಹಳೆಯ ಸಿಸ್ಕೊ ರೂಟರ್‌ಗಳಲ್ಲಿ ಓಎಸ್‌ಪಿಎಫ್‌ಗೆ ದಾರಿ ಒಪ್ಪಿಸುವ ಆಜ್ಞೆಯ ಕೊನೆಗೆ ಸಬ್‌ನೆಟ್ಸ್ ಎಂಬ ಒಂದು ಪದ ಬಿಟ್ಟರೆ, ತುಂಡು ಮಾಡಿದ ಜಾಲಗಳು ಆಚೆ ದಾಟುವುದೇ ಇಲ್ಲ.

ಪರಿಹಾರ ಎರಡು ಬಗೆ. ಆಫೀಸಿನ ಹದಿನಾರು ಸಣ್ಣ ತುಂಡುಗಳನ್ನು ಸೇರಿಸಿ, ಕಾರ್ಖಾನೆಗೆ ಅರ್ಥವಾಗುವ ಅಳತೆಯ ಒಂದೇ ದಾರಿಯಾಗಿ ನಡುವಿನ ರೂಟರ್‌ನಿಂದ ಹೇಳಿಸುವುದು ಒಂದು. ತುಂಡುಗಳನ್ನು ಮೊದಲೇ ಸಾಲಾಗಿ, ಲೆಕ್ಕವಿಟ್ಟು ಹಂಚಿದ್ದರೆ ಮಾತ್ರ ಇದು ಸಾಧ್ಯ. ಇನ್ನೊಂದು, ಮಾಸ್ಕನ್ನೂ ಜೊತೆಗೆ ಕಳಿಸುವ ರಿಪ್‌ನ ಎರಡನೇ ಆವೃತ್ತಿಗೆ ಬದಲಾಗುವುದು. ನಮ್ಮನ್ನು ಕೇಳಿದರೆ ಎರಡನೆಯದೇ ವಾಸಿ.

ಪೋಸ್ಟೆಲ್ ಹೆಸರಿನ ಒಂದು ಸೂತ್ರ ಎಂಜಿನಿಯರುಗಳಿಗೆಲ್ಲ ಬಾಯಿಪಾಠ: ಕಳಿಸುವಾಗ ಕಟ್ಟುನಿಟ್ಟು, ಪಡೆಯುವಾಗ ಉದಾರ. ಇದರ ಉದಾರ ಎಂಬ ಅರ್ಧವನ್ನಷ್ಟೇ ಹಿಡಿದುಕೊಂಡವರು ಬಹಳ. ಜಾಲಹಳ್ಳಿಯ ರೂಟರ್ ಊಹಿಸಬೇಕಾಗಿ ಬಂದದ್ದು ಕಳಿಸಿದ ಮಾತೇ ಅರ್ಧವಾಗಿದ್ದರಿಂದ. ತಾರೀಖು, ಊರು ಎರಡೂ ಇಲ್ಲದೆ ನಮಗೆ ಬರುವ ಫಾರ್ವರ್ಡ್‌ಗಳೂ ಹೀಗೆಯೇ. ಉಳಿದದ್ದನ್ನು ಓದುವವರೇ ತುಂಬಿಕೊಳ್ಳುತ್ತಾರೆ.

ಮತ್ತೆ ಸ್ವಿಚ್ಚಿನ ವಿಷಯಕ್ಕೆ ಬರೋಣ. ಇಂಟರ್ನೆಟ್ ದುಡ್ಡಿನ ವ್ಯವಹಾರವಾದಂತೆ ಆ ಪುಸ್ತಕ ಯಾರದು ಎಂಬ ಪ್ರಶ್ನೆ ಎದ್ದಿತು. 1998ರ ಜನವರಿ 28ರಂದು ಪೋಸ್ಟೆಲ್ ಮೂಲಪಟ್ಟಿಯ ಸರ್ವರ್ ನಡೆಸುತ್ತಿದ್ದ ಎಂಟು ಮಂದಿಗೆ ಇಮೇಲ್ ಮಾಡಿ, ಪಟ್ಟಿಯನ್ನು ಇನ್ನು ಮುಂದೆ ತಮ್ಮ ಯಂತ್ರದಿಂದ ಪಡೆಯಿರಿ ಎಂದರು.  ಎಂಟೂ ಮಂದಿ ಒಪ್ಪಿದರು. ಅಮೆರಿಕ ಸರ್ಕಾರ ಸಿಟ್ಟಾಯಿತು, ಪೋಸ್ಟೆಲ್ ಅದು ಪರೀಕ್ಷೆ ಎಂದು ಹೇಳಿ ಹಿಂದಿನಂತೆ ಮಾಡಿಸಿದರು. ಅಷ್ಟೂ ದಿನ ಇಂಟರ್ನೆಟ್ ನಿಲ್ಲಲಿಲ್ಲ, ಜನರಿಗೆ ವ್ಯತ್ಯಾಸವೂ ತಿಳಿಯಲಿಲ್ಲ. ಸ್ವಿಚ್ಚಿಗೆ ಯಾರಾದರೂ ತೀರಾ ಹತ್ತಿರ ಹೋಗಿದ್ದರೆ ಅದು ಆ ವಾರ. ಅಲ್ಲಿ ಅವರ ಕೈಯಲ್ಲಿದ್ದದ್ದು ಸ್ವಿಚ್ಚಲ್ಲ, ಎಂಟು ಜನರ ನಂಬಿಕೆ.

ಆ ವರ್ಷದ ಸೆಪ್ಟೆಂಬರ್ 30ರಂದು, ಪುಸ್ತಕ ಒಬ್ಬರ ಕೈಯಲ್ಲಿ ಉಳಿಯಬಾರದೆಂದು ಐಕಾನ್ ಹುಟ್ಟಿತು. ಅದನ್ನು ಕಟ್ಟಲು ದುಡಿದವರಲ್ಲಿ ಪೋಸ್ಟೆಲ್ ಪ್ರಮುಖರು. ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಡಕಿನಿಂದ ಅಕ್ಟೋಬರ್ 16ರಂದು ಅವರು ತೀರಿಕೊಂಡಾಗ ಐಕಾನ್‌ಗೆ ಇನ್ನೂ ಮೂರು ವಾರವೂ ತುಂಬಿರಲಿಲ್ಲ. ಪೋಸ್ಟೆಲ್‌ಗೆ 55 ವರ್ಷ.

ಗೆಳೆಯ ವಿಂಟ್ ಸರ್ಫ್ ಬರೆದ ನುಡಿನಮನ ಆರ್‌ಎಫ್‌ಸಿಯಾಗಿಯೇ ಪ್ರಕಟವಾಯಿತು, ಸಂಖ್ಯೆ 2468. ಮಾಸ್ಕನ್ನು ಜೊತೆಗೆ ಒಯ್ಯುವ ರಿಪ್‌ನ ಎರಡನೇ ಆವೃತ್ತಿಯ ಪೂರ್ಣ ಮಾನಕ ಬಂದದ್ದು ಅದರ ಮುಂದಿನ ತಿಂಗಳು, ನವೆಂಬರ್‌ನಲ್ಲಿ. ಅದರ ಸಂಖ್ಯೆ 2453.