ಇಸ್ಪೀಟ್ ಕಾರ್ಖಾನೆಯ ಮೆಕ್ಯಾನಿಕ್ ಮತ್ತು ನಮ್ಮನೆಯ ಗೇಮ್ ಮಷಿನ್

ಸಿಂಗಪುರದಲ್ಲಿರುವ ದೊಡ್ಡವ್ವನ ಮಗ ಯುಗಾದಿಗೆ ಹುಬ್ಬಳ್ಳಿಗೆ ಬಂದವನು ತನ್ನ ಹಳೆಯ ನಿಂಟೆಂಡೊ ಸ್ವಿಚ್ ಅನ್ನು ನನ್ನ ತಮ್ಮನಿಗೆ ಕೊಟ್ಟು ಹೋದ. ಟಿ.ವಿ.ಗೂ ಜೋಡಿಸಬಹುದು, ಕೈಯಲ್ಲಿ ಹಿಡಿದೂ ಆಡಬಹುದು. ಮಷಿನ್ ಏನೋ ಬಂತು, ಒಳಗೆ ಗೇಮ್ ಒಂದೂ ಇರಲಿಲ್ಲ. ತಮ್ಮ ಆಸೆಪಟ್ಟ ಹೊಸ ಗೇಮ್‌ಗಳೆಲ್ಲ ಐದಾರು ಸಾವಿರ ರೂಪಾಯಿಯವು. ಜೆಲ್ಡಾ ಸರಣಿಯ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಒಂದನ್ನು ಇಳಿಸಿಕೊಳ್ಳಲು 16 ಜಿಬಿ ಜಾಗ ಬೇಕು. ಆ ಮಷಿನ್ನಿನ ಹೊಟ್ಟೆ ಇರುವುದೇ 32 ಜಿಬಿ. ಅಪ್ಪನ ಹತ್ತಿರ ಹಣ ಕೇಳುವ ಧೈರ್ಯ ಅವನಿಗಿಲ್ಲ, ಅದಕ್ಕೇ ಅಕ್ಕನಾದ ನನ್ನನ್ನು ಕೇಳಿದ.

ನನಗೋ ಬೇಕಾದಷ್ಟು ಬಿಡುವಿತ್ತು. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಗಿತ್ತು. ಗೆಳತಿಯರು ಬೆಂಗಳೂರಿನ ಐ.ಟಿ. ಕಂಪನಿಗಳಲ್ಲಿದ್ದರು. ನನಗೆ ಬಂದಿದ್ದ ಒಂದೇ ಕರೆ ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಿಂದ, ಪ್ಯಾಕಿಂಗ್ ಯಂತ್ರಗಳ ಮೇಂಟೆನೆನ್ಸ್ ಕೆಲಸಕ್ಕೆ. ಅವರ ಇಮೇಲ್‌ಗೆ ಉತ್ತರ ಬರೆಯದೆ ಕುಳಿತಿದ್ದೆ. ಕಡಿಮೆ ಖರ್ಚಿನಲ್ಲಿ ಡೌನ್‌ಲೋಡ್ ಮಾಡಬಹುದಾದ ಒಳ್ಳೆಯ ಗೇಮ್‌ಗಳನ್ನು ಹುಡುಕುತ್ತ ಹೋದಾಗ ಒಂದೇ ಹೆಸರು ಮತ್ತೆ ಮತ್ತೆ ಎದುರಾಯಿತು. ಗುಂಪೇ ಯೊಕೊಯಿ.

ಯೊಕೊಯಿ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಜಪಾನಿನ ಕ್ಯೋಟೊ ನಗರದಲ್ಲಿ. ಅದೇ ಊರಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ಅಂಕಗಳಲ್ಲಿ ಮುಂದಿದ್ದವರಲ್ಲ. ಜಾಣ ಸಹಪಾಠಿಗಳು ಟೋಕಿಯೊದ ದೊಡ್ಡ ದೊಡ್ಡ ಕಂಪನಿಗಳಿಗೆ ಹೋದರೆ ಇವರು ಊರಲ್ಲೇ ಉಳಿದರು. 1965ರಲ್ಲಿ ಕ್ಯೋಟೊದಲ್ಲೇ ಇದ್ದ ನಿಂಟೆಂಡೊ ಸೇರಿದರು. ಆಗ ನಿಂಟೆಂಡೊ ಎಂದರೆ ವಿಡಿಯೋ ಗೇಮ್ ಕಂಪನಿಯಲ್ಲ. 1889ರಿಂದ ಹನಫುದ ಎಂಬ ಹೂವಿನ ಚಿತ್ರದ ಇಸ್ಪೀಟ್ ಎಲೆಗಳನ್ನು ಮಾಡುತ್ತಿದ್ದ ಕಾರ್ಖಾನೆ ಅದು. ಎಲೆ ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು ಯೊಕೊಯಿ ಅವರ ಕೆಲಸ. ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಒಂದು ಲೋಟ ಚಹಾ ಮಾಡಿಕೊಂಡು ಬಂದೆ.

ಯಂತ್ರ ಕೆಡದ ದಿನ ಮೇಂಟೆನೆನ್ಸ್‌ನವರಿಗೆ ಏನು ಕೆಲಸ? ಯೊಕೊಯಿ ಹೊತ್ತು ಕಳೆಯಲು ಕೈಗೆ ಸಿಕ್ಕ ಸಾಮಾನಿನಲ್ಲಿ ಆಟಿಕೆ ಮಾಡುತ್ತಿದ್ದರು. ಹಾಗೆ ಮಾಡಿದ್ದರಲ್ಲಿ ಒಂದು ಚಾಚುವ ಕೈ. ಕತ್ತರಿಯಂತೆ ಒಂದಕ್ಕೊಂದು ಹೆಣೆದ ಪಟ್ಟಿಗಳು. ಹಿಡಿ ಒತ್ತಿದರೆ ಉದ್ದಕ್ಕೆ ಚಾಚಿಕೊಂಡು ತುದಿಯ ಇಕ್ಕುಳ ದೂರದ ವಸ್ತುವನ್ನು ಹಿಡಿಯುತ್ತದೆ. ಕಾರ್ಖಾನೆ ನೋಡಲು ಬಂದ ಕಂಪನಿಯ ಅಧ್ಯಕ್ಷ ಹಿರೋಶಿ ಯಮೌಚಿ ಅವರ ಕಣ್ಣಿಗೆ ಅದು ಬಿತ್ತು. ಯಮೌಚಿ ಬಹಳ ಗಡಸು ಮನುಷ್ಯ. ಕೆಲಸದ ಹೊತ್ತಿನಲ್ಲಿ ಆಟವಾಡಿದ್ದಕ್ಕೆ ಬೈಗುಳ ಖಚಿತ ಎಂದುಕೊಂಡೇ ಯೊಕೊಯಿ ಕಚೇರಿಗೆ ಹೋದರು. ಯಮೌಚಿ ಅದನ್ನೇ ಮಾರಾಟಕ್ಕೆ ತಯಾರು ಮಾಡಲು ಹೇಳಿ ಕಳಿಸಿದರು. 1966ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಹೆಸರಿನಲ್ಲಿ ಬಂದ ಆ ಆಟಿಕೆ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅಲ್ಲಿಗೆ ಯೊಕೊಯಿ ಅವರ ರಿಪೇರಿ ಕೆಲಸ ಮುಗಿದು, ಆಟಿಕೆ ಮಾಡುವುದೇ ಉದ್ಯೋಗವಾಯಿತು.

1969ರ ‘ಲವ್ ಟೆಸ್ಟರ್’ ಕತೆ ಇನ್ನೂ ಮಜವಾಗಿದೆ. ಹುಡುಗ, ಹುಡುಗಿ ಒಬ್ಬರ ಕೈ ಒಬ್ಬರು ಹಿಡಿದು, ಇನ್ನೊಂದು ಕೈಯಲ್ಲಿ ಯಂತ್ರದ ತಂತಿಗೆ ಕಟ್ಟಿದ ಲೋಹದ ಗುಂಡು ಹಿಡಿದರೆ ಮುಳ್ಳು ಅಲ್ಲಾಡಿ ಪ್ರೀತಿಯ ಅಳತೆ ತೋರಿಸುತ್ತದೆ! ನಿಜದಲ್ಲಿ ಅದು ನಮ್ಮ ಲ್ಯಾಬ್‌ಗಳಲ್ಲಿ ಧೂಳು ತಿನ್ನುವ ಗ್ಯಾಲ್ವನೋಮೀಟರ್ ಅಷ್ಟೆ. ಮೈಯಲ್ಲಿ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ತೋರಿಸುತ್ತದೆ, ಕೈ ಬೆವರಿದರೆ ಮುಳ್ಳು ಮೇಲೇರುತ್ತದೆ. ಹುಡುಗಿಯರ ಕೈ ಹಿಡಿಯಲು ಒಂದು ನೆಪ ಬೇಕೆಂದೇ ಅದನ್ನು ಮಾಡಿದ್ದಾಗಿ ಯೊಕೊಯಿ ಮುಂದೆ ಒಪ್ಪಿಕೊಂಡರು.

ಆಮೇಲೆ ಸೋಲಾರ್ ಸೆಲ್ ಬಳಸಿದ ಬೆಳಕಿನ ಬಂದೂಕು ಬಂತು. ಅದನ್ನೇ ದೊಡ್ಡದು ಮಾಡಿ 1973ರಲ್ಲಿ ಗುರಿ ಹೊಡೆಯುವ ಆಟದ ಕೇಂದ್ರಗಳನ್ನು ತೆರೆದರು. ಆ ವರ್ಷವೇ ಜಗತ್ತಿನಾದ್ಯಂತ ತೈಲ ಬಿಕ್ಕಟ್ಟು, ಬಂದಿದ್ದ ಆರ್ಡರ್‌ಗಳೆಲ್ಲ ರದ್ದು. ಕಂಪನಿ ಸಾಲದಲ್ಲಿ ಮುಳುಗಿತು.

ಆ ದಶಕದ ಕೊನೆಯಲ್ಲಿ ಒಂದು ದಿನ ಯೊಕೊಯಿ ಬುಲೆಟ್ ರೈಲಿನಲ್ಲಿ ಹೋಗುತ್ತಿದ್ದಾಗ, ಬೇಸರಗೊಂಡ ಪ್ರಯಾಣಿಕನೊಬ್ಬ ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕುಳಿತಿದ್ದನ್ನು ಕಂಡರು. ಹೊತ್ತು ಕಳೆಯಲು ಅಂಗೈಯೊಳಗೆ ಅಡಗುವ, ಪಕ್ಕದವರಿಗೆ ಕಾಣದಂಥ ಆಟವಿದ್ದರೆ ಹೇಗೆ ಎಂಬ ಯೋಚನೆ ಹೊಳೆದದ್ದು ಆಗ. ಶಾರ್ಪ್ ಮತ್ತು ಕ್ಯಾಸಿಯೊ ಕಂಪನಿಗಳು ಕ್ಯಾಲ್ಕ್ಯುಲೇಟರ್ ಬೆಲೆ ಇಳಿಸುವ ಜಿದ್ದಿಗೆ ಬಿದ್ದು ಅದರ ಚಿಪ್, ಎಲ್‌ಸಿಡಿ ಪರದೆಗಳು ಅಗ್ಗವಾಗಿದ್ದವು. ಒಮ್ಮೆ ಅಧ್ಯಕ್ಷರ ಕಾರಿನ ಚಾಲಕ ರಜೆಯಲ್ಲಿದ್ದುದರಿಂದ ಯೊಕೊಯಿ ಅವರೇ ಕಾರು ಓಡಿಸಬೇಕಾಯಿತಂತೆ. ದಾರಿಯಲ್ಲಿ ಈ ವಿಚಾರ ಹೇಳಿದರು. ಯಮೌಚಿ ತಲೆಯಾಡಿಸಿದರೇ ಹೊರತು ಏನೂ ಹೇಳಲಿಲ್ಲ. ಅಂದಿನ ಸಭೆಯಲ್ಲಿ ಅವರು ಕುಳಿತದ್ದು ಶಾರ್ಪ್ ಕಂಪನಿಯ ಮುಖ್ಯಸ್ಥರ ಪಕ್ಕ! ಕೆಲವೇ ದಿನಗಳಲ್ಲಿ ಶಾರ್ಪ್‌ನವರು ನಿಂಟೆಂಡೊ ಬಾಗಿಲಿಗೆ ಬಂದರು.

1980ರ ಏಪ್ರಿಲ್‌ನಲ್ಲಿ ‘ಗೇಮ್ ಆ್ಯಂಡ್ ವಾಚ್’ ಮಾರುಕಟ್ಟೆಗೆ ಬಂತು. ಒಂದು ಯಂತ್ರ, ಒಂದು ಆಟ, ಜೊತೆಗೆ ಗಡಿಯಾರ. ಹನ್ನೊಂದು ವರ್ಷಗಳಲ್ಲಿ ಆ ಸರಣಿಯ 4 ಕೋಟಿ 34 ಲಕ್ಷ ಯಂತ್ರಗಳು ಹೋದವು. 1982ರಲ್ಲಿ ಅದೇ ಸರಣಿಗೆ ‘ಡಾಂಕಿ ಕಾಂಗ್’ ಆಟ ತರುವಾಗ ಕೋಲಿನಂಥ ಜಾಯ್‌ಸ್ಟಿಕ್ ಇಡಲು ಜಾಗವಿರಲಿಲ್ಲ. ಎಡ ಹೆಬ್ಬೆರಳಿನ ಕೆಳಗೆ ಪ್ಲಸ್ ಆಕಾರದ ಚಪ್ಪಟೆ ಗುಂಡಿಯೊಂದನ್ನು ಯೊಕೊಯಿ ಕೂರಿಸಿದರು. ನಮ್ಮ ಅಣ್ಣಂದಿರು ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆಯಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಂದು, ಟಿ.ವಿ.ಗೆ ಜೋಡಿಸಿ ‘ಮಾರಿಯೊ’, ‘ಕಾಂಟ್ರಾ’ ಆಡುತ್ತಿದ್ದ ಕ್ಯಾಸೆಟ್ ವಿಡಿಯೋ ಗೇಮ್ ನೆನಪಿದೆಯೇ? ಅದರ ರಿಮೋಟಿನ ಎಡಗಡೆ ಇದ್ದದ್ದು ಇದೇ ಪ್ಲಸ್ ಗುಂಡಿ. ಅವರಲ್ಲಿ ಒಬ್ಬರಿಗೂ ಯೊಕೊಯಿ ಹೆಸರು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಬಿಡಿ.

ಮಾರಿಯೊ ಎಂದ ಕೂಡಲೇ ಎಲ್ಲರೂ ಹೇಳುವುದು ಶಿಗೆರು ಮಿಯಾಮೊಟೊ ಹೆಸರು. ಚಿತ್ರ ಬರೆಯಲು ಕಂಪನಿ ಸೇರಿದ್ದ ಆ ಹುಡುಗ 1981ರಲ್ಲಿ ‘ಡಾಂಕಿ ಕಾಂಗ್’ ರೂಪಿಸಿದಾಗ ಮೇಲ್ವಿಚಾರಕರಾಗಿ ಬೆನ್ನಿಗೆ ನಿಂತದ್ದು ಯೊಕೊಯಿ. ಎರಡು ವರ್ಷದ ನಂತರ ‘ಮಾರಿಯೊ ಬ್ರದರ್ಸ್’ ಮಾಡುವಾಗ, ಎಷ್ಟು ಎತ್ತರದಿಂದ ಬಿದ್ದರೂ ಮಾರಿಯೊ ಸಾಯಬಾರದು ಎಂದು ಸೂಚಿಸಿದ್ದೂ ಅವರೇ.

ಯೊಕೊಯಿ ಅವರ ಕೆಲಸಕ್ಕೆ ಒಂದು ಸೂತ್ರವಿತ್ತು. ಹೊಚ್ಚ ಹೊಸ, ದುಬಾರಿ ತಂತ್ರಜ್ಞಾನದ ಹಿಂದೆ ಹೋಗುವುದು ಬೇಡ. ಎಲ್ಲರೂ ಬಳಸಿ ಹಳೆಯದಾದ, ಅಗ್ಗವಾದ, ಗುಣದೋಷವೆಲ್ಲ ಗೊತ್ತಾಗಿರುವ ತಂತ್ರಜ್ಞಾನವನ್ನು ಯಾರೂ ಯೋಚಿಸದ ಕಡೆ ಬಳಸು. ಹಳೆಯದು ಎಂಬುದಕ್ಕೆ ಅವರು ಬಳಸಿದ ಜಪಾನಿ ಪದಕ್ಕೆ ಒಣಗಿದ್ದು ಎಂಬ ಅರ್ಥವೂ ಇದೆ, ಪಳಗಿ ಮಾಗಿದ್ದು ಎಂಬ ಅರ್ಥವೂ ಇದೆಯಂತೆ. ನನಗೆ ಎರಡನೆಯದೇ ಇಷ್ಟ.

ಆ ಸೂತ್ರದ ದೊಡ್ಡ ಪರೀಕ್ಷೆ 1989ರಲ್ಲಿ ನಡೆಯಿತು. ಏಪ್ರಿಲ್ 21ರಂದು ‘ಗೇಮ್ ಬಾಯ್’ ಜಪಾನಿನ ಅಂಗಡಿಗಳಿಗೆ ಬಂತು, ಬೆಲೆ 12,500 ಯೆನ್. ಹಸಿರು ಛಾಯೆಯ ಪರದೆ, ಬಣ್ಣವಿಲ್ಲ, ಕತ್ತಲಲ್ಲಿ ಕಾಣಲು ಹಿಂಬದಿ ಬೆಳಕೂ ಇಲ್ಲ. ಅದೇ ವರ್ಷ ಅಟಾರಿ ಕಂಪನಿಯ ‘ಲಿಂಕ್ಸ್’, ಮರುವರ್ಷ ಸೆಗಾ ಕಂಪನಿಯ ‘ಗೇಮ್ ಗಿಯರ್’ ಬಣ್ಣದ ಪರದೆಯೊಂದಿಗೆ ಬಂದವು. ಎದುರಾಳಿಯದು ಬಣ್ಣದ ಪರದೆ ಎಂದು ತಿಳಿದಾಗ ಯೊಕೊಯಿ ಗಾಬರಿಯಾಗಲಿಲ್ಲ, ನಿರಾಳರಾದರಂತೆ. ಕಾರಣ ಬ್ಯಾಟರಿ. ಗೇಮ್ ಗಿಯರ್‌ನ ಆರು ಪೆನ್ಸಿಲ್ ಸೆಲ್‌ಗಳು ಕೆಲವೇ ಗಂಟೆಗಳಲ್ಲಿ ಖಾಲಿ. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಹತ್ತು ಗಂಟೆಗೂ ಮಿಕ್ಕಿ ಓಡುತ್ತಿತ್ತು. ಮಕ್ಕಳ ಕೈಯಿಂದ ಬಿದ್ದರೂ ಒಡೆಯುತ್ತಿರಲಿಲ್ಲ. ಕೊಲ್ಲಿ ಯುದ್ಧದಲ್ಲಿ ಬಾಂಬ್ ದಾಳಿಗೆ ಸಿಕ್ಕಿ ಹೊರಕವಚ ಸುಟ್ಟು ಕರಗಿದ್ದ ಒಂದು ಗೇಮ್ ಬಾಯ್, ನ್ಯೂಯಾರ್ಕಿನ ನಿಂಟೆಂಡೊ ಮಳಿಗೆಯಲ್ಲಿ ವರ್ಷಗಟ್ಟಲೆ ‘ಟೆಟ್ರಿಸ್’ ಓಡಿಸುತ್ತ ಕುಳಿತಿತ್ತು. ಮುಂದೆ ಬಂದ ಗೇಮ್ ಬಾಯ್ ಕಲರ್ ಸೇರಿ ಒಟ್ಟು ಮಾರಾಟ 11 ಕೋಟಿ 86 ಲಕ್ಷ ದಾಟಿತು.

ಈಗ ತಮ್ಮನ ಪ್ರಶ್ನೆಗೆ ಬರುತ್ತೇನೆ. ಸ್ವಿಚ್‌ನ ಆನ್‌ಲೈನ್ ಸೇವೆಗೆ ವರ್ಷದ ಚಂದಾ ಕಟ್ಟಿದರೆ ಯೊಕೊಯಿ ಕಾಲದ ಹಳೆಯ ಗೇಮ್‌ಗಳ ಗಂಟು ಡೌನ್‌ಲೋಡ್‌ಗೆ ಸಿಗುತ್ತದೆ. ಒಂದೇ ಒಂದು ಹೊಸ ಗೇಮ್‌ನ ಬೆಲೆಯಲ್ಲಿ ಎರಡು ಮೂರು ವರ್ಷ ಆಡಬಹುದು. ಗಾತ್ರವಂತೂ ನಗು ಬರಿಸುವಂಥದ್ದು. ಯೊಕೊಯಿ ನಿರ್ಮಿಸಿದ, 1989ರ ‘ಸೂಪರ್ ಮಾರಿಯೊ ಲ್ಯಾಂಡ್’ ಮೂಲದಲ್ಲಿ 64 ಕೆಬಿ. ಬೆಳಗಾದರೆ ವಾಟ್ಸ್ಆ್ಯಪ್‌ನಲ್ಲಿ ಬರುವ ಶುಭೋದಯದ ಹೂವಿನ ಚಿತ್ರವೇ ಅದಕ್ಕಿಂತ ದೊಡ್ಡದಿರುತ್ತದೆ! ಮೊದಲು ಅದನ್ನೇ ಆಡಿ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಮನೆಯವರನ್ನೂ ಸೇರಿಸಿಕೊಳ್ಳುವುದಾದರೆ ಯೊಕೊಯಿ ಅವರ ವಿಭಾಗದಿಂದಲೇ 1990ರಲ್ಲಿ ಬಂದ ‘ಡಾಕ್ಟರ್ ಮಾರಿಯೊ’ ಇದೆ. ಎರಡು ಬಣ್ಣದ ಮಾತ್ರೆಗಳನ್ನು ಜೋಡಿಸಿ ವೈರಸ್ ಕೊಲ್ಲುವ ಆಟ, ಇಬ್ಬರು ಎದುರುಬದುರು ಆಡಬಹುದು.

1986ರ ‘ಮೆಟ್ರಾಯ್ಡ್’ ಕೂಡ ಅವರ ವಿಭಾಗದ್ದೇ. ಕವಚ ತೊಟ್ಟ ಆ ಯೋಧ ಒಬ್ಬ ಹೆಣ್ಣು ಎಂದು ಆಟದ ಕೊನೆಯಲ್ಲಿ ತಿಳಿದಾಗ ಆ ಕಾಲದ ಹುಡುಗರು ಬೆರಗಾದರು. ಆದರೆ ಅದರಲ್ಲಿ ನಕ್ಷೆ ಇಲ್ಲ, ದಾರಿ ತಪ್ಪಿ ತಲೆ ಕೆಡುತ್ತದೆ. ನೀವು 1994ರ ‘ಸೂಪರ್ ಮೆಟ್ರಾಯ್ಡ್’ನಿಂದ ಶುರು ಮಾಡಿ. ಇಡೀ ಪಟ್ಟಿಯಲ್ಲಿ ಒಂದೇ ಗೇಮ್ ಆರಿಸು ಎಂದರೆ ನನ್ನ ಆಯ್ಕೆ ಅದು. ಮೂಲದಲ್ಲಿ 3 ಎಂಬಿ ಇದ್ದ ಆ ಆಟದ ಗ್ರಹದಲ್ಲಿ ಮಳೆ, ಕತ್ತಲೆ, ಒಂಟಿತನ ಎಲ್ಲವೂ ಇದೆ, ಮಾತು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ‘ಕಿಡ್ ಇಕಾರಸ್’ ಮೊದಲ ಹಂತದಲ್ಲೇ ಕಣ್ಣೀರು ಹಾಕಿಸುತ್ತದೆ. ಸತ್ತಾಗಲೆಲ್ಲ ಆಟವನ್ನು ಹಿಂದಕ್ಕೆ ತಿರುಗಿಸುವ ಸೌಲಭ್ಯ ಈಗ ಇದೆ, ನಾಚಿಕೆ ಬಿಟ್ಟು ಬಳಸಿ.

ಯೊಕೊಯಿ ಬದುಕಿನ ಕೊನೆಯ ಭಾಗವನ್ನು ತಮ್ಮನಿಗೆ ಹೇಳುವಾಗ ನನಗೇ ಬೇಸರವಾಯಿತು. 1995ರಲ್ಲಿ ಅವರ ‘ವರ್ಚುವಲ್ ಬಾಯ್’ ಬಂತು. ಸ್ಟ್ಯಾಂಡ್ ಮೇಲೆ ನಿಂತ ದೊಡ್ಡ ಕನ್ನಡಕದಂಥ ಯಂತ್ರ, ಮುಖವಿಟ್ಟು ನೋಡಿದರೆ ಆಳವಿರುವ ಚಿತ್ರ ಕಾಣುತ್ತದೆ. ಇಲ್ಲೂ ಅಗ್ಗದ ಕೆಂಪು ಎಲ್‌ಇಡಿಯನ್ನೇ ಬಳಸಿದರು. ಈ ಸಲ ಸೂತ್ರ ಕೈಕೊಟ್ಟಿತು. ಕಪ್ಪು ಹಿನ್ನೆಲೆಯಲ್ಲಿ ಬರೀ ಕೆಂಪು ಗೆರೆಗಳು. ಆಡಿದವರು ತಲೆನೋವು, ಕಣ್ಣುನೋವು ಎಂದು ದೂರಿದರು. ಕೈಯಲ್ಲೂ ಹಿಡಿಯುವಂತಿಲ್ಲ, ಟಿ.ವಿ.ಗೂ ಜೋಡಿಸುವಂತಿಲ್ಲ. ಸುಮಾರು 7 ಲಕ್ಷ 70 ಸಾವಿರ ಯಂತ್ರಗಳು ಹೋದವು, ವರ್ಷ ತುಂಬುವ ಮೊದಲೇ ಮಾರಾಟ ನಿಂತಿತು. ಮೂವತ್ತು ವರ್ಷ ಕಂಪನಿಗೆ ದುಡಿದವರನ್ನು ಜನ ಆ ಒಂದು ಸೋಲಿನಿಂದ ಗುರುತಿಸತೊಡಗಿದರು.

1996ರಲ್ಲಿ ಗೇಮ್ ಬಾಯ್ ಅನ್ನು ಇನ್ನಷ್ಟು ತೆಳ್ಳಗೆ ಮಾಡಿ ‘ಗೇಮ್ ಬಾಯ್ ಪಾಕೆಟ್’ ತಂದುಕೊಟ್ಟು, ಅದೇ ಆಗಸ್ಟ್‌ನಲ್ಲಿ ಅವರು ನಿಂಟೆಂಡೊ ಬಿಟ್ಟರು. ಸೋತದ್ದಕ್ಕೇ ಹೋದರು ಎಂದು ಪತ್ರಿಕೆಗಳು ಬರೆದವು. ಹಾಗಲ್ಲ, ಸ್ವಂತವಾಗಿ ಏನಾದರೂ ಮಾಡಬೇಕೆಂದು ಮೊದಲೇ ಯೋಚಿಸಿದ್ದೆ ಎಂದು ಅವರು ಹೇಳಿಕೊಂಡರು. ಆ ವರ್ಷದ ಫೆಬ್ರುವರಿಯಲ್ಲಷ್ಟೇ ಗೇಮ್ ಬಾಯ್‌ಗೆ ‘ಪೋಕೆಮಾನ್’ ಬಂದು, ಏಳು ವರ್ಷದ ಹಳೆಯ ಯಂತ್ರಕ್ಕೆ ಹೊಸ ಜೀವ ಸಿಕ್ಕಿತ್ತು. ಅದರ ಭರಾಟೆ ಏರುತ್ತಿದ್ದಾಗಲೇ ಇವರು ಹೊರಗೆ ನಡೆದಿದ್ದರು.

ಕ್ಯೋಟೊದಲ್ಲೇ ‘ಕೊಟೊ’ ಎಂಬ ಸಣ್ಣ ಸಂಸ್ಥೆ ಕಟ್ಟಿ, ಬಂಡಾಯ್ ಕಂಪನಿಗಾಗಿ ಹೊಸ ಕೈಯಂತ್ರವೊಂದನ್ನು ರೂಪಿಸತೊಡಗಿದರು. 1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತ್ಯದ ಹೆದ್ದಾರಿಯಲ್ಲಿ ಅವರಿದ್ದ ಕಾರಿಗೆ ಸಣ್ಣ ಅಪಘಾತವಾಯಿತು. ಏನಾಗಿದೆ ಎಂದು ನೋಡಲು ಕೆಳಗಿಳಿದಾಗ ಇನ್ನೊಂದು ಕಾರು ಬಂದು ಹೊಡೆಯಿತು. ಆಗ ಅವರಿಗೆ 56 ವರ್ಷ.

ಆ ಯಂತ್ರ ‘ವಂಡರ್‌ಸ್ವಾನ್’ ಎಂಬ ಹೆಸರಿನಲ್ಲಿ 1999ರ ಮಾರ್ಚ್‌ನಲ್ಲಿ ಬಂತು. ಬೆಲೆ 4,800 ಯೆನ್, ಕಪ್ಪು ಬಿಳುಪು ಪರದೆ, ಒಂದೇ ಒಂದು ಪೆನ್ಸಿಲ್ ಸೆಲ್. ಅದರ ಜೊತೆ ಬಂದ ಗೆರೆ ಜೋಡಿಸುವ ಆಟಕ್ಕೆ ‘ಗುಂಪೇ’ ಎಂದೇ ಹೆಸರಿಟ್ಟರು. ಎಲ್ಲರೂ ನಕ್ಕಿದ್ದ ವರ್ಚುವಲ್ ಬಾಯ್ ಆಟಗಳನ್ನೂ ಸ್ವಿಚ್‌ಗೆ ಡೌನ್‌ಲೋಡ್ ರೂಪದಲ್ಲಿ ತರುವುದಾಗಿ ನಿಂಟೆಂಡೊ 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಆಡಲು ಸ್ವಿಚ್ ತೂರಿಸುವ ಬೇರೆಯದೇ ಕನ್ನಡಕ ಕೊಳ್ಳಬೇಕು. ಅದು ನಮ್ಮ ಬಜೆಟ್ಟಿನಲ್ಲಿಲ್ಲ ಎಂದು ತಮ್ಮನಿಗೆ ಆಗಲೇ ಹೇಳಿಬಿಟ್ಟಿದ್ದೇನೆ.

ಸದ್ಯ ನಮ್ಮನೆಯಲ್ಲಿ ಡಾಕ್ಟರ್ ಮಾರಿಯೊ ಚಾಂಪಿಯನ್ ಅವ್ವ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಆಡುತ್ತಾಳೆ, ತಮ್ಮನನ್ನು ದಿನಾ ಸೋಲಿಸುತ್ತಾಳೆ. ತಾರಿಹಾಳದ ಕಾರ್ಖಾನೆಯ ಇಮೇಲ್‌ಗೆ ನಾನು ಮೊನ್ನೆ ಉತ್ತರ ಬರೆದೆ. ಬರುವ ಸೋಮವಾರ ಹತ್ತು ಗಂಟೆಗೆ ಇಂಟರ್‌ವ್ಯೂ.