ಹಳೆಯ ಕನ್ನಡ ಫೈಲ್ ತೆರೆದರೆ ಕಸ ಕಾಣೋದು ವೈರಸ್ಸಿನಿಂದಲ್ಲ: ತೇಜಸ್ವಿ ತಲೆಕೆಡಿಸಿಕೊಂಡಿದ್ದ ಒಂದು ಸಮಸ್ಯೆಯ ಕಥೆ

ನಂಜನಗೂಡು ಕಡೆಯ ಬಿಳಿಗೆರೆಯಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಹೋದ ವರ್ಷ ಒಂದು ಹಳೆಯ ಪೆನ್‌ಡ್ರೈವ್ ತಂದುಕೊಟ್ಟರು. ತೀರಿಹೋದ ಅವರ ತಂದೆ ಊರಿನ ಹಳೆಯ ವಿಷಯಗಳನ್ನೆಲ್ಲ ಟೈಪ್ ಮಾಡಿಸಿ ಇಟ್ಟಿದ್ದ ಫೈಲುಗಳು ಅದರಲ್ಲಿದ್ದವು. ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಮೇಲೆ ಗೀಟಿರುವ ವಿಚಿತ್ರ ಎ-ಗಳು. ಒಂದು ಅಂಗಡಿಯವರು ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಬಿಡಿ ಅಂದರಂತೆ. ಪುಣ್ಯಕ್ಕೆ ಇವರು ಮಾಡಿಸಲಿಲ್ಲ.

ಅದು ವೈರಸ್ ಅಲ್ಲ. ಫೈಲ್ ಕೆಟ್ಟೂ ಇರಲಿಲ್ಲ. ಏನಾಗಿತ್ತು ಅನ್ನೋದನ್ನು ಹೇಳಲು ನನಗೆ ನೆನಪಾಗುವುದು ಒಬ್ಬ ಕಂಪ್ಯೂಟರ್ ಎಂಜಿನಿಯರ್ ಅಲ್ಲ, ಕಾಫಿ ತೋಟದಲ್ಲಿ ಕುಳಿತು ಕಥೆ ಬರೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ತಂದೆ ಕುವೆಂಪು, ತಾಯಿ ಹೇಮಾವತಿ. ತಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿದ್ದರು, ಮುಂದೆ ಅದರ ಕುಲಪತಿಯೂ ಆದರು. ಹಾಗಾಗಿ ಮಗ ಬೆಳೆದದ್ದು ಮೈಸೂರಿನಲ್ಲಿ. ಕನ್ನಡದಲ್ಲಿ ಎಂ.ಎ. ಮಾಡಿದ್ದೂ ಅಲ್ಲೇ. ಮನಸ್ಸು ಮಾಡಿದ್ದರೆ ಮೇಷ್ಟ್ರಾಗಿ ಆರಾಮವಾಗಿ ಇರಬಹುದಿತ್ತು. ಅವರು ಮೂಡಿಗೆರೆಗೆ ಹೋಗಿ ಕಾಫಿ ಬೆಳೆಗಾರರಾದರು. ಹಕ್ಕಿಗಳ ಫೋಟೊ ತೆಗೆದರು, ಮೀನು ಹಿಡಿದರು, ಸಿತಾರ್ ನುಡಿಸಿದರು. 1980ರಲ್ಲಿ ಬಂದ 'ಕರ್ವಾಲೊ' ಕಾದಂಬರಿಯಲ್ಲಿ ಒಂದು ಹಾರುವ ಓತಿಯ ಹಿಂದೆ ಇಡೀ ಊರನ್ನೇ ಓಡಿಸಿದರು. 'ಚಿದಂಬರ ರಹಸ್ಯ'ಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದೆಲ್ಲ ನಿಮಗೆ ಗೊತ್ತಿರುವುದೇ.

ಕಂಪ್ಯೂಟರಿನ ಕಡೆ ಅವರು ತಿರುಗಿದ್ದು ಅಷ್ಟಾಗಿ ಫಾರ್ವರ್ಡ್ ಆಗುವ ಸಂಗತಿಯಲ್ಲ. ಯಾವ ಯಂತ್ರ ಕಂಡರೂ ಬಿಚ್ಚಿ ನೋಡುವ ಸ್ವಭಾವ ಅವರದು. 'ಪುಸ್ತಕ ಪ್ರಕಾಶನ' ಎಂಬ ತಮ್ಮದೇ ಪ್ರಕಾಶನವೂ ಇತ್ತು. ಪುಸ್ತಕ ಅಚ್ಚು ಹಾಕಿಸುವವರಿಗೆ ಮೊಳೆಜೋಡಣೆ ಹೋಗಿ ಕಂಪ್ಯೂಟರ್ ಬಂದಾಗ ಕನ್ನಡದ ತಲೆನೋವು ಮೊದಲು ಗೊತ್ತಾಗುವುದು ಸಹಜ. ಒಂದು ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ನುಡಿ, ಬರಹ, ಶ್ರೀಲಿಪಿ, ಆಕೃತಿ ಎಂದು ಹೆಸರುಗಳು ಹಲವು, ಆದರೆ ಇವುಗಳ ನಡುವೆ ಪೂರ್ತಿ ಹೊಂದಾಣಿಕೆ ಇರಲಿಲ್ಲ.

ಫೈಲಿನ ಒಳಗೆ ನಿಜಕ್ಕೂ ಇರುವುದೇನು?

ಇಲ್ಲಿ ಸ್ವಲ್ಪ ನಿಲ್ಲಬೇಕು. ಫೈಲಿನಲ್ಲಿ ಅಕ್ಷರಗಳಿರುವುದಿಲ್ಲ, ಬರೀ ಸಂಖ್ಯೆಗಳಿರುತ್ತವೆ. ಒಂದೊಂದೂ 0ರಿಂದ 255ರ ಒಳಗಿನದು, ಅದಕ್ಕೆ ಬೈಟ್ ಅನ್ನುತ್ತಾರೆ. ಪ್ರೋಗ್ರಾಂ ಒಂದು ಫೈಲನ್ನು ಓದುವಾಗ ಈ ಸಂಖ್ಯೆಗಳು ನಾಲೆಯಲ್ಲಿ ನೀರು ಬಂದಂತೆ ಸಾಲಾಗಿ ಬರುತ್ತವೆ. ಇದಕ್ಕೇ ಸ್ಟ್ರೀಮ್ ಎಂದು ಹೆಸರು. ಜಾವಾದಂಥ ಆಬ್ಜೆಕ್ಟ್ ಆಧಾರಿತ ಭಾಷೆಗಳಲ್ಲಿ ಈ ಕೆಲಸಕ್ಕೆ ಇನ್‌ಪುಟ್‌ಸ್ಟ್ರೀಮ್ ಅನ್ನುವ ಆಬ್ಜೆಕ್ಟ್ ಇದೆ. ಕೇಳಿದಾಗಲೆಲ್ಲ ಒಂದು ಬೈಟ್ ಕೊಡುತ್ತದೆ. ಮುಗಿದಾಗ ಮೈನಸ್ 1 ಕೊಡುತ್ತದೆ, ಏಕೆಂದರೆ 0ರಿಂದ 255ರವರೆಗಿನ ಎಲ್ಲವೂ ನಿಜವಾದ ಮಾಹಿತಿಯೇ ಆಗಿರಬಹುದು. ನೀರು ಎಲ್ಲಿಂದ ಬರುತ್ತಿದೆ, ಪೆನ್‌ಡ್ರೈವಿನಿಂದಲೋ ಇಂಟರ್ನೆಟ್ಟಿನಿಂದಲೋ ಅನ್ನುವುದನ್ನು ಓದುವವರು ಕೇಳಬೇಕಾಗಿಲ್ಲ. ಆಬ್ಜೆಕ್ಟ್ ಪದ್ಧತಿಯ ಸೊಗಸೇ ಅದು.

ಆದರೆ ಈ ಆಬ್ಜೆಕ್ಟಿಗೆ ಕನ್ನಡ ಬರುವುದಿಲ್ಲ. ಇಂಗ್ಲಿಷೂ ಬರುವುದಿಲ್ಲ. ಸಂಖ್ಯೆಯನ್ನು ಅಕ್ಷರ ಮಾಡಲು ಅದರ ಮೇಲೆ ಇನ್ನೊಂದು ಆಬ್ಜೆಕ್ಟನ್ನು ಕೂರಿಸಬೇಕು. ಜಾವಾದಲ್ಲಿ ಅದು ಇನ್‌ಪುಟ್‌ಸ್ಟ್ರೀಮ್‌ರೀಡರ್. ಅದರ ಕೈಗೆ ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನುವ ಪಟ್ಟಿ ಕೊಡಬೇಕು. ಕೊಡದಿದ್ದರೆ ಮೊದಲೆಲ್ಲ ಅದು ಆ ಕಂಪ್ಯೂಟರಿನ ರೂಢಿಯ ಪಟ್ಟಿಯನ್ನೇ ಹಿಡಿಯುತ್ತಿತ್ತು. ಅದಕ್ಕೇ ಒಬ್ಬರ ಕಂಪ್ಯೂಟರಿನಲ್ಲಿ ಸರಿಯಾಗಿದ್ದ ಪ್ರೋಗ್ರಾಂ ಇನ್ನೊಬ್ಬರಲ್ಲಿ ಕಸ ಕಾರುತ್ತಿತ್ತು. 2022ರಲ್ಲಿ ಬಂದ ಜಾವಾ 18ರಲ್ಲಷ್ಟೇ ಎಲ್ಲ ಕಡೆಗೂ ಯುಟಿಎಫ್-8 ಎಂಬ ಒಂದೇ ಪಟ್ಟಿಯನ್ನು ರೂಢಿಗೆ ತಂದರು.

ಈಗ ನಮ್ಮ ಕನ್ನಡಕ್ಕೆ ಬನ್ನಿ. ಯುನಿಕೋಡ್ ಕ್ರಮದಲ್ಲಿ 'ಕ' ಅಕ್ಷರಕ್ಕೆ ತನ್ನದೇ ಸಂಖ್ಯೆ ಇದೆ, 3221. ಯುಟಿಎಫ್-8 ಫೈಲಿನಲ್ಲಿ ಅದು 224, 178, 149 ಎಂಬ ಮೂರು ಬೈಟ್ ಆಗಿ ಕೂರುತ್ತದೆ. ನುಡಿಯಂಥ ಹಳೆಯ ತಂತ್ರಾಂಶಗಳು ಹಾಗೆ ಮಾಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲೇ ಕನ್ನಡದ ತುಣುಕುಗಳ ಚಿತ್ರ ಇಟ್ಟಿದ್ದವು. 'ಕ' ಅಂದರೆ 80 ಮತ್ತು 192. 80 ನಿಜಕ್ಕೆ ಇಂಗ್ಲಿಷಿನ ದೊಡ್ಡ 'ಪಿ', 192 ಗೀಟಿರುವ 'ಎ'. 'ಕನ್ನಡ' ಎಂದು ಬರೆದರೆ ಮಧ್ಯೆ ಪೌಂಡ್ ಚಿಹ್ನೆಯೇ ಬರುತ್ತದೆ! ನುಡಿಯ ಫಾಂಟ್ ಇರುವವರೆಗೆ ಕಣ್ಣಿಗೆ ಕನ್ನಡ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬಣ್ಣ ಬಯಲು. ಒಂದರ್ಥದಲ್ಲಿ ಆ ಫೈಲುಗಳಲ್ಲಿ ಕನ್ನಡ ಯಾವತ್ತೂ ಇರಲೇ ಇಲ್ಲ, ಕನ್ನಡದ ವೇಷ ಇತ್ತು.

ಹಾಗಾದರೆ ಯುನಿಕೋಡ್ ಆಗ ಇರಲಿಲ್ಲವೇ ಅಂತ ಕೇಳಬಹುದು. ಇತ್ತು. ಕನ್ನಡ 1991ರ ಮೊದಲ ಆವೃತ್ತಿಯಲ್ಲೇ ಸೇರಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಕೂಡ ಬಂತು. ಆದರೆ ಡಿಟಿಪಿ ಅಂಗಡಿಗಳೆಲ್ಲ ನಂಬಿಕೊಂಡಿದ್ದ ಪೇಜ್‌ಮೇಕರ್‌ಗೆ ಯುನಿಕೋಡ್ ಬರುತ್ತಿರಲಿಲ್ಲ. ಅಚ್ಚಾಗಬೇಕಾದ್ದೆಲ್ಲ ಹಳೆಯ ದಾರಿಯಲ್ಲೇ ಹೋಯಿತು.

ಹಂಪಿಯಿಂದ ಬಂದ ತಂತ್ರಾಂಶ

ತೇಜಸ್ವಿಯವರಿಗೆ ಇದು ಬರೀ ಫಾಂಟಿನ ಗಲಾಟೆಯಾಗಿ ಕಾಣಲಿಲ್ಲ. ಕಂಪ್ಯೂಟರಿನಲ್ಲಿ ಬಳಸಲಾಗದ ಭಾಷೆ ಮುಂದೆ ದಿನಬಳಕೆಯಿಂದಲೇ ಜಾರುತ್ತದೆ ಎಂಬ ಆತಂಕ ಅವರದು. ಸರ್ಕಾರದ ಅಂದಿನ ಧೋರಣೆ ಅವರಿಗೆ ಸಮಾಧಾನ ತಂದಿರಲಿಲ್ಲ, ಅದನ್ನು ಮುಚ್ಚಿಟ್ಟುಕೊಳ್ಳಲೂ ಇಲ್ಲ. ದೂರುವುದರಲ್ಲೇ ನಿಲ್ಲದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜೊತೆ ಸೇರಿ 'ಕುವೆಂಪು ಕನ್ನಡ ತಂತ್ರಾಂಶ' ಹೊರಬರಲು ದುಡಿದರು. ಅವರು ಕೂತು ಕೋಡ್ ಬರೆದರು ಎಂದು ತಿಳಿಯಬೇಡಿ. ಅದನ್ನು ಮಾಡಿದವರು ತಂತ್ರಜ್ಞರು. ಒತ್ತಾಯ ಮಾಡಿ, ಜನರನ್ನು ಸೇರಿಸಿ, ಬೆನ್ನು ಹತ್ತಿದ್ದು ಇವರು. ಇನ್ನೊಂದು ಸಣ್ಣ ತಿದ್ದುಪಡಿ: ಕಂಪ್ಯೂಟರಿನಲ್ಲಿ ಬಹಳಷ್ಟು ಜನ ಬಳಸುವ ಕನ್ನಡ ಕೀಲಿಮಣೆ ವಿನ್ಯಾಸವೊಂದರ ಮೂಲ ತೇಜಸ್ವಿಯವರದಲ್ಲ, ಕೆ.ಪಿ. ರಾವ್ ಅವರದು.

ಆ ತಂತ್ರಾಂಶ ಮನೆಮಾತಾಗಲಿಲ್ಲ ಎನ್ನುವುದನ್ನೂ ಹೇಳಬೇಕು. ಗೆದ್ದದ್ದು ಯುನಿಕೋಡ್. ನೀವು ಮೊಬೈಲಿನಲ್ಲಿ ಈ ಸಾಲು ಓದುತ್ತಿರುವುದು, ಇದನ್ನು ಯಾರಿಗೆ ಕಳಿಸಿದರೂ ಕನ್ನಡವಾಗಿಯೇ ತಲುಪುವುದು ಅದರಿಂದ. ಮೊಬೈಲ್ ಕನ್ನಡದ ಈ ಕಾಲ ನೋಡಲು ತೇಜಸ್ವಿ ಇರಲಿಲ್ಲ. 2007ರ ಏಪ್ರಿಲ್ 5ರಂದು ಮೂಡಿಗೆರೆಯ ಮನೆಯಲ್ಲಿ ತೀರಿಕೊಂಡರು. 68 ವರ್ಷ ವಯಸ್ಸಾಗಿತ್ತು.

ಈಗ ನಿಮ್ಮ ಮನೆಯಲ್ಲಿರುವ ಹಳೆಯ ಫೈಲುಗಳ ಮಾತು. ಕಸ ಕಂಡರೆ ಮೊದಲು ಮಾಡಬಾರದ ಕೆಲಸ ಒಂದಿದೆ, ಸೇವ್ ಒತ್ತುವುದು. ತಪ್ಪು ಪಟ್ಟಿ ಹಿಡಿದು ಓದಿದ ಪ್ರೋಗ್ರಾಂ, ತನಗೆ ಅರ್ಥವಾಗದ ಬೈಟುಗಳ ಜಾಗದಲ್ಲೆಲ್ಲ ಪ್ರಶ್ನೆಚಿಹ್ನೆಯಂಥ ಒಂದೇ ಗುರುತು ಹಾಕಿಕೊಂಡಿರಬಹುದು. ನೀವು ಸೇವ್ ಮಾಡಿದಿರೋ, ಬರೆಯುವ ಸ್ಟ್ರೀಮ್ ಆ ಗುರುತನ್ನೇ ಫೈಲಿಗೆ ಬರೆಯುತ್ತದೆ. ಮೂಲ ಸಂಖ್ಯೆ ಹೋಯಿತು, ಯಾವ ಪಂಡಿತರೂ ವಾಪಸ್ ತರಲಾರರು. ಮೊದಲು ಫೈಲಿನ ನಕಲು ಮಾಡಿ ಬೇರೆ ಕಡೆ ಇಡಿ. ನಕಲು ಮುಗಿದ ಕೂಡಲೇ ಪೆನ್‌ಡ್ರೈವ್ ಕಿತ್ತುಕೊಳ್ಳಬೇಡಿ. ಬರೆಯಬೇಕಾದ ಬೈಟುಗಳು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಕಾಯುತ್ತಿರಬಹುದು. ಆಮೇಲೆ ನುಡಿ ಅಥವಾ ಬರಹದ ಫಾಂಟ್ ಹಾಕಿ ನೋಡಿ. ಓದಲು ಬಂದರೆ ಯುನಿಕೋಡ್ ಪರಿವರ್ತಕದಲ್ಲಿ ಬದಲಿಸಿ.

ಪರಿವರ್ತಕವನ್ನೂ ಕಣ್ಣುಮುಚ್ಚಿ ನಂಬಬೇಡಿ. ಅರ್ಕಾವತ್ತು ನೋಡಿ. 'ಕರ್ನಾಟಕ'ದಲ್ಲಿ ಹಳೆಯ ಫೈಲು ಮೊದಲು 'ನಾ' ಇಟ್ಟು ಆಮೇಲೆ ಅರ್ಕಾವತ್ತು ಇಡುತ್ತದೆ, ಕೈಯಲ್ಲಿ ಬರೆದ ಹಾಗೆ. ಯುನಿಕೋಡ್‌ನಲ್ಲಿ ರಕಾರ ಮೊದಲು, ಉಚ್ಚರಿಸುವ ಹಾಗೆ. ಬೈಟಿಗೊಂದು ಅಕ್ಷರ ಎಂದು ಸುಮ್ಮನೆ ಬದಲಿಸುತ್ತ ಹೋದರೆ ಆಗುವುದಿಲ್ಲ, ಹಿಂದೆ ಹೋದ ಅಕ್ಷರವನ್ನು ಹಿಡಿದಿಟ್ಟುಕೊಂಡು ಜಾಗ ಅದಲುಬದಲು ಮಾಡಬೇಕು. ಎಡವುವುದು ಅಲ್ಲೇ.

ಬಿಳಿಗೆರೆಯ ಪೆನ್‌ಡ್ರೈವ್ ನುಡಿಯದೇ ಆಗಿತ್ತು. ಫಾಂಟ್ ಹಾಕಿದ ಮೇಲೆ ಪೂರ್ತಿ ತೆರೆಯಿತು. ಜಾತ್ರೆಯ ಖರ್ಚು, ಕೆರೆಯ ಹೂಳು ತೆಗೆಸಿದ ಲೆಕ್ಕ, ಯಾರ್ಯಾರ ಮನೆಯಿಂದ ಎಷ್ಟು ಭತ್ತ ಅನ್ನುವುದು, ಎಲ್ಲ ಇದ್ದವು. ಪರಿವರ್ತಿಸಿದ ಮೇಲೆ ಮೂರ್ತಿ ಎಂದು ಮುಗಿಯುವ ಹೆಸರುಗಳೆಲ್ಲ ಎಡವಟ್ಟಾಗಿ ಬಂದವು. ಅವನ್ನು ಅವರ ಮಗಳು ಕೂತು ಒಂದೊಂದಾಗಿ ತಿದ್ದುತ್ತಿದ್ದಾಳೆ.